ದೋಣಿಯ ಹಕ್ಕುಪತ್ರ ಎಲ್ಲಿದೆ ಎಂದು ಕೇಳಿದ ಅಪ್ಪನಿಗೆ

ಸ್ಟಾಫರ್ಡ್‌ಶೈರ್, ಇಂಗ್ಲೆಂಡ್
ನವೆಂಬರ್ ತಿಂಗಳು

ತೀರ್ಥರೂಪು ಅಪ್ಪನಿಗೆ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವು, ಅಮ್ಮ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಕಳೆದ ಸಲ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. "ದೋಣಿ ಮಾರುವ ಕಚೇರಿಯಲ್ಲಿ ಕೆಲಸ ಎನ್ನುತ್ತೀಯಲ್ಲ, ದೋಣಿಯ ಹಕ್ಕು ಎಲ್ಲಿ ನೋಂದಣಿಯಾಗುತ್ತದೆ?" ಎಂದು ಕೇಳಿದಿರಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇಷ್ಟು ವರ್ಷ ದುಡಿದ ನಿಮಗೆ ಮೊದಲು ಹೊಳೆಯಬೇಕಾದ ಪ್ರಶ್ನೆಯೇ ಅದು. ಉತ್ತರ ನೇರವಾಗಿ ಹೇಳುತ್ತೇನೆ: ಇಲ್ಲಿನ ಕಾಲುವೆ ದೋಣಿಗಳಲ್ಲಿ ಬಹುಪಾಲು ಎಲ್ಲಿಯೂ ಹಾಗೆ ನೋಂದಣಿಯಾಗುವುದಿಲ್ಲ.

ಕಾಗದಗಳೇ ಇಲ್ಲವೆಂದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್ ಪ್ರತಿ ದೋಣಿಗೂ ಒಂದು ಸಂಖ್ಯೆ ಮತ್ತು ಲೈಸೆನ್ಸ್ ಕೊಡುತ್ತದೆ. ಆದರೆ ಆ ಲೈಸೆನ್ಸ್ ಕಾಲುವೆಯಲ್ಲಿ ಇರಲು ಕೊಟ್ಟ ಅನುಮತಿ ಮಾತ್ರ; ಒಡೆತನಕ್ಕೆ ಅದು ಪುರಾವೆಯಲ್ಲ. ನಾಲ್ಕು ವರ್ಷಕ್ಕೊಮ್ಮೆ ಮಾಡಿಸಬೇಕಾದ ಸುರಕ್ಷತಾ ಪ್ರಮಾಣಪತ್ರವಿದೆ. ಅದು ಗ್ಯಾಸ್, ವಿದ್ಯುತ್, ಬೆಂಕಿಯ ಅಪಾಯಗಳ ಪರೀಕ್ಷೆಗೆ ಸಂಬಂಧಿಸಿದ್ದು, ದೋಣಿ ಯಾರದೆಂದು ಹೇಳುವುದಿಲ್ಲ. 1998ರ ನಂತರ ಕಟ್ಟಿದ ದೋಣಿಯ ಒಡಲಿನ ಮೇಲೆ 14 ಅಕ್ಷರ ಮತ್ತು ಅಂಕಿಗಳ ಗುರುತು ಇರಬೇಕು. ಯಾರು ಕಟ್ಟಿದರು, ಯಾವ ವರ್ಷದ್ದು ಎಂಬುದನ್ನು ಅದರಿಂದ ಓದಿಕೊಳ್ಳಬಹುದು. ಬ್ರಿಟನ್ನಿನ ಹಡಗು ರಿಜಿಸ್ಟರಿನ ಮೊದಲ ಭಾಗದಲ್ಲಿ ಸೇರಿಸಿದರೆ ಒಡೆತನವೂ ಅಡಮಾನವೂ ದಾಖಲಾಗುತ್ತವೆ. ಆದರೆ ಒಳನಾಡಿನ ಕಾಲುವೆಯಲ್ಲೇ ಓಡಾಡುವ ದೋಣಿಗೆ ಅದು ಕಡ್ಡಾಯವಲ್ಲ, ಮಾಡಿಸುವವರೂ ಕಡಿಮೆ. ಕೊನೆಗೆ ಉಳಿಯುವುದು ಹಳೆಯ ಮಾರಾಟಪತ್ರಗಳ ಸರಪಳಿ: ಕಟ್ಟಿದವರಿಂದ ಮೊದಲ ಒಡೆಯರಿಗೆ, ಅವರಿಂದ ಮುಂದಿನವರಿಗೆ. ನಡುವಿನ ಒಂದು ಕೊಂಡಿ ಕಳಚಿದ್ದರೆ ಪ್ರಶ್ನೆ ಏಳುತ್ತದೆ.

ಇಲ್ಲಿಗೆ ಬಂದ ಮೇಲೆ ನನಗೆ ಮನದಟ್ಟಾದದ್ದು ಇದು, ಅಪ್ಪ. ಕಾಗದದಲ್ಲಿ ಇರುವ ಈ ತೆರಪನ್ನು ತುಂಬುವವರು ನೆರೆಹೊರೆಯವರು. ದೋಣಿಯ ಚರಿತ್ರೆ ಅವರ ನೆನಪಿನಲ್ಲಿದೆ.

ನಮ್ಮ ಮರೀನಾ ಚಿಕ್ಕದು. ಟ್ರೆಂಟ್ ಆ್ಯಂಡ್ ಮರ್ಸಿ ಕಾಲುವೆಯ ಪಕ್ಕದಲ್ಲಿ ದೋಣಿ ನಿಲ್ಲಿಸಲು ಅಗೆದ ಕೊಳ ಎಂದುಕೊಳ್ಳಿ. ಈ ಕಾಲುವೆಯ ಕೆಲಸ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಮೇಲ್ವಿಚಾರಣೆಯಲ್ಲಿ 1766ರಲ್ಲಿ ಶುರುವಾಯಿತು. ಅದು ಮುಗಿದದ್ದು 1777ರಲ್ಲಿ, ಆತ ತೀರಿಕೊಂಡ ಐದು ವರ್ಷಗಳ ನಂತರ. ಖರ್ಚು ಮತ್ತು ನೀರು ಉಳಿಸಲು ಈ ಭಾಗದ ಲಾಕ್‌ಗಳನ್ನು, ಅಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸುವ ಗೇಟುಳ್ಳ ತೊಟ್ಟಿಗಳನ್ನು, ಏಳು ಅಡಿಯಷ್ಟೇ ಅಗಲವಾಗಿ ಕಟ್ಟಿದರು. ಇಂದಿಗೂ ಅದರ ಅಳತೆಯೇ ಎಲ್ಲರ ಬದುಕಿನ ಅಳತೆ. ದೋಣಿಯ ಅಗಲ 6 ಅಡಿ 10 ಅಂಗುಲ. ಉದ್ದ ಮಾತ್ರ 70 ಅಡಿಯವರೆಗೂ ಹೋಗಬಹುದು. ಒಳಗೆ ಅಡುಗೆಮನೆ, ಹಾಸಿಗೆ, ಕಲ್ಲಿದ್ದಲಿನ ಒಲೆ ಎಲ್ಲ ಒಂದರ ಹಿಂದೆ ಒಂದು ಸಾಲಾಗಿ. ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ದಡದಲ್ಲಿ ನಡೆಯುವವರು ಆರಾಮವಾಗಿ ಜೊತೆಗೆ ಬರುತ್ತಾರೆ, ಮಾತೂ ನಡೆಯುತ್ತದೆ.

ದೋಣಿಗಳು ಮರದ ಜೆಟ್ಟಿಗಳ ಎರಡೂ ಬದಿ ಒತ್ತೊತ್ತಾಗಿ ನಿಲ್ಲುವುದರಿಂದ ಇಲ್ಲಿ ಯಾರ ಮನೆಯ ಸದ್ದೂ ಇನ್ನೊಬ್ಬರಿಗೆ ಗುಟ್ಟಲ್ಲ. ಆದರೂ ಮರ್ಯಾದೆಗಳಿವೆ. ಮಾಡಿನ ಮೇಲೆ ತಟ್ಟಿ, ಒಳಗಿನಿಂದ ದನಿ ಬರುವವರೆಗೆ ಯಾರೂ ಇನ್ನೊಬ್ಬರ ದೋಣಿಗೆ ಕಾಲಿಡುವುದಿಲ್ಲ. ಗಾಳಿ ಎದ್ದ ರಾತ್ರಿ ಎಚ್ಚರವಿದ್ದವರು ಊರಲ್ಲಿಲ್ಲದವರ ಹಗ್ಗಗಳನ್ನೂ ಬಿಗಿದು ಬರುತ್ತಾರೆ. ಚಳಿಗಾಲದ ಬೆಳಗ್ಗೆ ವಯಸ್ಸಾದವರ ಚಿಮಣಿಯಲ್ಲಿ ಹೊಗೆ ಕಾಣದಿದ್ದರೆ ಯಾರಾದರೊಬ್ಬರು ಹೋಗಿ ತಟ್ಟುತ್ತಾರೆ. ಒಲೆಯ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಸೋರಿದರೆ ಕೂಗುವ ಅಲಾರಂ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ, ಆದರೆ ಅಲಾರಂ ಕೂಗಿದರೆ ಬಾಗಿಲು ತೆರೆಯುವುದಕ್ಕೂ ಒಬ್ಬರು ಬೇಕಲ್ಲ. ನಾನು ಬಂದ ಹೊಸದರಲ್ಲಿ ನೀರಿನ ನಲ್ಲಿಗಳು ಹೆಪ್ಪುಗಟ್ಟಿದಾಗ, ಕೊನೆಯ ಜೆಟ್ಟಿಯ ಮುದುಕರಿಗೆ ಮೂರು ದೋಣಿಗಳವರು ಸೇರಿ ಕ್ಯಾನುಗಳಲ್ಲಿ ನೀರು ಹೊತ್ತರು. ಯಾರೂ ಅವರಿಗೆ ಹೇಳಿರಲಿಲ್ಲ.

ಈಗ ಮಾರಾಟದ ವಿಷಯಕ್ಕೆ ಬರುತ್ತೇನೆ. ಈ ಶರತ್ಕಾಲದಲ್ಲಿ ನಮ್ಮಲ್ಲಿನ ಒಬ್ಬ ವಿಧವೆ ತನ್ನ ದೋಣಿಯನ್ನು ಮಾರಲು ಇಟ್ಟರು. ಒಳಗಿನ ಮರಗೆಲಸವನ್ನೆಲ್ಲ ಅವರ ಗಂಡನೇ ಮಾಡಿದ್ದು. ಮೊಣಕಾಲು ಸೋತಿದೆ, ದೋಣಿಗೆ ಹತ್ತಿ ಇಳಿಯಲಾಗುವುದಿಲ್ಲ, ಮಗಳ ಊರಿನಲ್ಲಿ ಫ್ಲ್ಯಾಟ್ ನೋಡಿಕೊಂಡಿದ್ದಾರೆ. ಕೊಳ್ಳಲು ಬಂದವರು ಒಂದು ಯುವ ದಂಪತಿ. ನಾವು ಮಾರುವವರ ಪರವಾಗಿ ಕೆಲಸ ಮಾಡುವವರು, ಕಮಿಷನ್ನೂ ಅವರಿಂದಲೇ. ಇದನ್ನು ಕೊಳ್ಳುವವರಿಗೆ ಮೊದಲ ದಿನವೇ ನಾನು ಬಿಡಿಸಿ ಹೇಳುತ್ತೇನೆ. ದೋಣಿಯ ಸ್ಥಿತಿ ಪರೀಕ್ಷಿಸುವ ಸರ್ವೇಯರನ್ನು ಅವರೇ ಹುಡುಕಿಕೊಳ್ಳಬೇಕು, ನಾನು ಯಾರ ಹೆಸರನ್ನೂ ಸೂಚಿಸುವುದಿಲ್ಲ. ಬೆಲೆ ಒಪ್ಪಿದ ಮೇಲೆ ಅವರು ಮುಂಗಡ ಕೊಟ್ಟರು. ಆ ಹಣ ನಮ್ಮ ಕಚೇರಿಯ ಲೆಕ್ಕಕ್ಕೆ ಸೇರದೆ ಗ್ರಾಹಕರ ಹಣದ ಪ್ರತ್ಯೇಕ ಖಾತೆಯಲ್ಲಿ ಇರುತ್ತದೆ. ಸರ್ವೇ ವರದಿ ತೃಪ್ತಿಕರವಾಗಿದ್ದರೆ ಮಾತ್ರ ವ್ಯಾಪಾರ ಎಂದು ಒಪ್ಪಂದ.

ಸರ್ವೇಯ ದಿನ ನಾನೂ ಡ್ರೈ ಡಾಕ್‌ಗೆ, ಅಂದರೆ ನೀರು ಬಸಿದು ದೋಣಿಯ ತಳ ನೋಡುವ ತೊಟ್ಟಿಗೆ, ಇಳಿದಿದ್ದೆ. ನೀರಿನ ಮೇಲೆ ಕಾಣುವ ಹಸಿರು ಕೆಂಪು ಬಣ್ಣ, ಹಿತ್ತಾಳೆಯ ಹೊಳಪು ಇವನ್ನೆಲ್ಲ ಮರೆತುಬಿಡಬೇಕು. ದೋಣಿಯ ನಿಜವಾದ ಬೆಲೆ ನೀರಿನ ಕೆಳಗಿನ ಉಕ್ಕಿನಲ್ಲಿದೆ. ಹೊಸದಾಗಿ ಕಟ್ಟುವಾಗ ತಳಕ್ಕೆ 10, ಪಕ್ಕಗಳಿಗೆ 6, ಮೇಲಿನ ಕೋಣೆಗೆ 4 ಮಿಲಿಮೀಟರ್ ದಪ್ಪದ ಪ್ಲೇಟು ಹಾಕುವುದು ಈಗ ಸಾಮಾನ್ಯ ರೂಢಿ. ಎರಡು ಮೂರು ವರ್ಷಕ್ಕೊಮ್ಮೆ ಒಡಲಿಗೆ ಕಪ್ಪು ಡಾಂಬರು ಬಳಿಯುತ್ತಾರೆ. ಸರ್ವೇಯರ್ ಆ ಡಾಂಬರನ್ನು ನಾಣ್ಯದಷ್ಟಗಲ ಕೆರೆದು, ಜೆಲ್ ಹಚ್ಚಿ, ಶಬ್ದತರಂಗದ ಮೀಟರಿನ ತುದಿಯನ್ನು ಒತ್ತುತ್ತಾರೆ. ಅಂಕಿ ಮೂಡಿದ ಕೂಡಲೇ ಸೀಮೆಸುಣ್ಣದಿಂದ ಅಲ್ಲೇ ಬರೆಯುತ್ತಾರೆ. 5.6, 5.4, 5.5 ಎಂದು ಮುಂದಿನಿಂದ ಹಿಂದಕ್ಕೆ ಬರುತ್ತಾ, ಹಿಂಬದಿಯ ಎಡಪಕ್ಕದಲ್ಲಿ, ನೀರಿನ ಗೆರೆಯ ಬಳಿ, 3.7 ಬಂತು. ಮತ್ತೆ ಒತ್ತಿದರು. 3.6. ಸುತ್ತಿಗೆಯ ತುದಿಯಿಂದ ತಟ್ಟಿ ನೋಡಿದರೆ ಡಾಂಬರಿನ ಕೆಳಗೆ ಕಡಲೆಕಾಳಿನಷ್ಟು ಕುಳಿಗಳು. ನಾಲ್ಕಕ್ಕಿಂತ ಕೆಳಗೆ ಹೋದರೆ ವಿಮೆಯವರು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಆ ಭಾಗದ ಮೇಲೆ ಹೊಸ ಪ್ಲೇಟು ಬೆಸೆಯಬೇಕಾಗುತ್ತದೆ.

ಆಗ ದಡದ ಮೇಲೆ ನಿಂತಿದ್ದ ಪಕ್ಕದ ದೋಣಿಯವರು ಒಂದು ಮಾತು ಹೇಳಿದರು. ಈ ದೋಣಿಯಲ್ಲಿ ಗ್ಯಾಲ್ವನಿಕ್ ಐಸೊಲೇಟರ್ ಹಾಕಿಸಿದ್ದು ತಡವಾಗಿ, ಅದಕ್ಕೂ ಮುಂಚೆ ಹಲವು ಚಳಿಗಾಲ ದಡದ ವಿದ್ಯುತ್ತಿಗೆ ಹಾಗೆಯೇ ಜೋಡಿಸಿತ್ತು ಎಂದು. ಇದರ ಕಾರಣ ನಿಮಗೆ ತಿಳಿಯಲಿ ಎಂದು ಬರೆಯುತ್ತೇನೆ. ದಡದಿಂದ ವಿದ್ಯುತ್ ಪಡೆಯುವ ದೋಣಿಗಳೆಲ್ಲ ಅರ್ಥಿಂಗ್ ತಂತಿಯ ಮೂಲಕ ಒಂದಕ್ಕೊಂದು ಜೋಡಣೆಯಾಗುತ್ತವೆ. ಬೇರೆ ಬೇರೆ ಲೋಹಗಳು, ನಡುವೆ ನೀರು: ಇಡೀ ಸಾಲು ಒಂದು ಬ್ಯಾಟರಿಯಂತೆ ವರ್ತಿಸಿ, ಸಣ್ಣ ವಿದ್ಯುತ್ ಹರಿದು ಉಕ್ಕು ಕರಗುತ್ತದೆ. ತಾನು ಸವೆದು ಒಡಲನ್ನು ಉಳಿಸಲೆಂದು ಹಾಕುವ ಮೆಗ್ನೀಸಿಯಂ ಆನೋಡ್‌ಗಳೂ ಆಗ ಬೇಗ ಮುಗಿಯುತ್ತವೆ. ಐಸೊಲೇಟರ್ ಆ ಸಣ್ಣ ಪ್ರವಾಹವನ್ನು ತಡೆಯುತ್ತದೆ.

ಆ ಮಾತಿನಿಂದ ಬೆಲೆ ಇಳಿಯುವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ದೋಣಿ ಮಾರುತ್ತಿದ್ದ ಆ ತಾಯಿಯ ಮುಖ ನೋಡಿದೆ. "ಅವರು ಹೇಳಿದ್ದು ನಿಜ, ಬರೆದುಕೊಳ್ಳಿ" ಎಂದರು. ಆ ಒಂದು ಮಾತು ದಂಪತಿಯ ಅನುಮಾನವನ್ನೆಲ್ಲ ಕಳೆಯಿತು ಎಂಬುದು ನನ್ನ ಅಭಿಪ್ರಾಯ. ಹಾನಿ ಹಳೆಯದು, ಕಾರಣ ತಿಳಿದಿದೆ, ಅದು ನಿಂತೂ ಆಗಿದೆ ಎಂದಾದರೆ ಬೆಸೆದು ಸರಿಪಡಿಸಬಹುದು. ಕಾರಣವೇ ತಿಳಿಯದ 3.6 ಆಗಿದ್ದರೆ ಅವರು ಮುಂಗಡ ಹಿಂದಕ್ಕೆ ಪಡೆದು ಹೊರಟುಹೋಗುತ್ತಿದ್ದರು. ಬೆಸುಗೆಯ ಖರ್ಚನ್ನು ಬೆಲೆಯಲ್ಲಿ ಕಳೆದು ವ್ಯಾಪಾರ ಮುಗಿಸಿದೆವು. ಮೊದಲ ಖರೀದಿಯ ಬಿಲ್ಲಿನಿಂದ ಹಿಡಿದು ಪ್ರತಿ ಸಲದ ಡಾಂಬರಿನ ರಸೀದಿಯವರೆಗೆ ಎಲ್ಲವನ್ನೂ ಆಕೆಯ ಗಂಡ ಒಂದು ಫೈಲಿನಲ್ಲಿ ಇಟ್ಟಿದ್ದರು. ಅದನ್ನು ನೋಡಿದ್ದರೆ ನಿಮಗೆ ಬಹಳ ಸಂತೋಷವಾಗುತ್ತಿತ್ತು.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಕಂಡಿದ್ದೇನೆ. ಬೇಸಿಗೆಯಲ್ಲಿ ಲಾರಿಯ ಮೇಲೆ ಒಂದು ದೋಣಿ ಬಂತು. ಬಣ್ಣ ಹೊಚ್ಚ ಹೊಸದು. ಒಡೆಯರ ಕೈಯಲ್ಲಿ ಲೈಸೆನ್ಸ್ ಬಿಟ್ಟು ಬೇರೆ ಕಾಗದವಿರಲಿಲ್ಲ, ಇಲ್ಲಿ ಅದನ್ನು ಮೊದಲು ಕಂಡವರೂ ಇರಲಿಲ್ಲ. ಹಿಂದಿನ ಮಾರಾಟಪತ್ರ ತರುವವರೆಗೆ ಮಾರಾಟಕ್ಕೆ ಇಡಲಾಗದು ಎಂದೆ. ಅವರು ಸಿಟ್ಟಾಗಿ ದೋಣಿಯನ್ನು ಒಯ್ದರು. ನನಗೆ ಅದರ ಬಗ್ಗೆ ಬೇಸರವಿಲ್ಲ. ಕಳವಿನ ದೋಣಿಯನ್ನೋ ಸಾಲ ತೀರದ ದೋಣಿಯನ್ನೋ ಕೊಂಡವರು ಕೊನೆಗೆ ಮನೆಯನ್ನೇ ಕಳೆದುಕೊಳ್ಳಬಹುದು.

ಒಂದು ಸಂಗತಿ ಮಾತ್ರ ನನಗೆ ನೋವಿನದು. ದೋಣಿಯ ಜೊತೆ ನಿಲ್ದಾಣದ ಜಾಗ ಮಾರಾಟವಾಗುವುದಿಲ್ಲ. ಜಾಗದ ಕರಾರು ವ್ಯಕ್ತಿಯ ಹೆಸರಿನಲ್ಲಿ ಇರುತ್ತದೆ. ಹೊಸಬರು ಹೊಸದಾಗಿ ಅರ್ಜಿ ಹಾಕಬೇಕು. ಆ ದಂಪತಿಗೆ ವರ್ಷವಿಡೀ ದೋಣಿಯಲ್ಲೇ ವಾಸಿಸುವ ಆಸೆ. ನಮ್ಮಲ್ಲಿ ವಾಸಕ್ಕೆ ಅನುಮತಿಯಿರುವ ಜಾಗಗಳು ಕೆಲವೇ, ಅವು ಭರ್ತಿಯಾಗಿವೆ. ಆದ್ದರಿಂದ ಅವರು ಖಾಯಂ ನಿಲ್ದಾಣವಿಲ್ಲದೆ ಸಂಚರಿಸುವ ದಾರಿ ಹಿಡಿದಿದ್ದಾರೆ. 1995ರ ಕಾನೂನಿನ ಪ್ರಕಾರ ಅಂಥವರು ಸಾಮಾನ್ಯವಾಗಿ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಅದರಲ್ಲೂ ನವೆಂಬರಿನಿಂದ ಮಾರ್ಚಿನವರೆಗೆ ದುರಸ್ತಿಗೆಂದು ಅಲ್ಲಲ್ಲಿ ಲಾಕ್‌ಗಳನ್ನು ಮುಚ್ಚುತ್ತಾರೆ. ಎಲ್ಲಿ ಸಿಕ್ಕಿಕೊಳ್ಳಬಾರದು ಎಂದು ಲೆಕ್ಕ ಹಾಕಿ ಹೊರಡಬೇಕು. ಉಕ್ಕಿನ ವಿಷಯ ಬಾಯಿಬಿಟ್ಟು ಹೇಳಿದ ಆ ನೆರೆಯವರೇ ಎರಡು ದಿನ ಅವರ ಜೊತೆ ಹೋಗಿ ಲಾಕ್ ದಾಟುವುದನ್ನು ಕಲಿಸಿ ಬಂದರು. ದೋಣಿ ಒಳ್ಳೆಯವರ ಕೈ ಸೇರಿತು ನಿಜ. ಆದರೆ ಅದರ ಚರಿತ್ರೆ ಬಲ್ಲವರು ಇಲ್ಲಿ ಉಳಿದರು, ದೋಣಿ ಹೋಯಿತು. ಮುಂದೊಂದು ದಿನ ಅದು ಮತ್ತೆ ಮಾರಾಟಕ್ಕೆ ಬಂದಾಗ ದಡದ ಮೇಲೆ ನಿಂತು ಸಾಕ್ಷಿ ಹೇಳುವವರು ಇರುತ್ತಾರೋ ಇಲ್ಲವೋ. ಆದ್ದರಿಂದ ನೆರೆಯವರು ಹೇಳಿದ್ದನ್ನೂ ಒಂದು ಹಾಳೆಯಲ್ಲಿ ಬರೆಸಿ, ಅವರ ಸಹಿ ಹಾಕಿಸಿ ಆ ಫೈಲಿಗೆ ಸೇರಿಸಿದ್ದೇನೆ. ಇನ್ನು ಮುಂದೆ ಪ್ರತಿ ಮಾರಾಟದಲ್ಲೂ ಹಾಗೆ ಮಾಡೋಣ ಎಂದು ಮ್ಯಾನೇಜರಿಗೆ ಹೇಳಿದೆ, ಒಪ್ಪಿದ್ದಾರೆ.

ನಮ್ಮ ಮಾರಾಟಪತ್ರದ ಖಾಲಿ ನಮೂನೆಯನ್ನು ಇದರ ಜೊತೆ ಇಟ್ಟಿದ್ದೇನೆ. ಬಿಡುವಾದಾಗ ಓದಿ, ಯಾವ ಮಾತು ಸಡಿಲವಾಗಿದೆ ಎಂದು ಅಂಚಿನಲ್ಲಿ ಗುರುತು ಹಾಕಿ ಕಳುಹಿಸಿ. ಕಾನೂನು ಬೇರೆಯಾದರೂ ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆಯಿದೆ.

ಅಮ್ಮ ಪದೇ ಪದೇ ಕೇಳುತ್ತಾಳಲ್ಲ, ಅವಳಿಗೆ ಹೇಳಿ: ನಾನು ದೋಣಿಯಲ್ಲಿ ವಾಸವಾಗಿಲ್ಲ, ಕಚೇರಿಯ ಮೇಲಿನ ಬೆಚ್ಚನೆಯ ಕೋಣೆಯಲ್ಲಿದ್ದೇನೆ. ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ತಿಳಿಸಿ. ಚಳಿಗಾಲದಲ್ಲಿ ವ್ಯಾಪಾರ ಕಡಿಮೆ, ಮಾರ್ಚಿಗೆ ಮುಂಚೆಯಾದರೆ ನನಗೆ ರಜೆ ಸಿಗುವುದು ಕಷ್ಟವಲ್ಲ.

ಇಂತಿ ನಿಮ್ಮ ಪ್ರೀತಿಯ ಮಗಳು