ಜಾಲಿಮುಳ್ಳಿನ ಬಂದರು

ಆನೆಗೊಂದಿ ಹತ್ತಿರದಿಂದ

ಪ್ರೀತಿಯ ಗೆಳೆಯ,

ನೀನು ಮತ್ತೆ ಹಡಗಿನ ಅಡುಗೆಮನೆಗೆ ಹೊರಟಿರುವ ಸುದ್ದಿಯನ್ನು ಮೊದಲು ಹೇಳಿದವರು ನಿನ್ನ ತಾಯಿ. ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತ, ಮುಖ ಎತ್ತದೆ, "ಒಂಬತ್ತು ತಿಂಗಳ ಕರಾರಂತೆ, ನೀನಾದರೂ ಒಮ್ಮೆ ಓದಿ ನೋಡು" ಎಂದರು. ನೀನು ಮೊಬೈಲ್‌ಗೆ ಕಳಿಸಿದ ಇಪ್ಪತ್ತೆರಡು ಪುಟಗಳನ್ನು ಎರಡು ಸಲ ಓದಿದೆ. ಸಂಬಳ, ಸಮವಸ್ತ್ರ, ಗಡ್ಡ ಎಷ್ಟಿರಬೇಕು, ಕೈಮೇಲಿನ ಹಚ್ಚೆ ಕಾಣಬಾರದು, ಎಲ್ಲವೂ ಸ್ಪಷ್ಟವಾಗಿದೆ. ಹಡಗಿನಲ್ಲಿ ಕಾಯಿಲೆ ಬಿದ್ದರೆ ಏನು ಎಂಬಲ್ಲಿಗೆ ಬಂದಾಗ ಮಾತ್ರ ವಾಕ್ಯಗಳು ತೊದಲುತ್ತವೆ. "ಪರಿಸ್ಥಿತಿಗೆ ಅನುಗುಣವಾಗಿ" ಎಂಬ ಮಾತು ಆ ಒಂದೇ ಪುಟದಲ್ಲಿ ಮೂರು ಕಡೆ ಬಂದಿದೆ.

ಡೈಮಂಡ್ ಪ್ರಿನ್ಸೆಸ್ ನಿನಗೆ ನೆನಪಿರಲೇಬೇಕು. ಹಾಂಗ್‌ಕಾಂಗ್‌ನಲ್ಲಿ ಜನವರಿ 25ರಂದೇ ಇಳಿದುಹೋಗಿದ್ದ ಪ್ರಯಾಣಿಕನೊಬ್ಬನಿಗೆ ಕೊರೊನಾ ಸೋಂಕು ಖಚಿತವಾಗಿ, 2020ರ ಫೆಬ್ರವರಿ 3ರ ರಾತ್ರಿ ಯೊಕೊಹಾಮಾದ ಎದುರು ಬಂದು ನಿಂತ ಹಡಗು. ಒಳಗೆ 3,711 ಜನ. ಅವರಲ್ಲಿ 1,045 ಮಂದಿ ಸಿಬ್ಬಂದಿ. ಐದನೇ ತಾರೀಖಿನಿಂದ ಪ್ರಯಾಣಿಕರನ್ನು ಎರಡು ವಾರ ಕೋಣೆ ಬಿಟ್ಟು ಹೊರಬರಬೇಡಿ ಎಂದರು. ಸರಿ, ಕೋಣೆಯ ಬಾಗಿಲಿಗೆ ಮೂರು ಹೊತ್ತಿನ ಊಟ ಒಯ್ಯುವವರು ಯಾರು? ನಿನ್ನಂಥವರು. ಸಿಬ್ಬಂದಿಯಲ್ಲಿ ಮೊದಲು ಸೋಂಕು ಖಚಿತವಾದ 20 ಜನರಲ್ಲಿ 15 ಮಂದಿ ಊಟದ ವಿಭಾಗದವರೇ ಆಗಿದ್ದರು. 16 ಮಂದಿ ಮೂರನೇ ಡೆಕ್ಕಿನ ಕೋಣೆಗಳಲ್ಲಿ ಮಲಗುತ್ತಿದ್ದವರು. ಹಂಚಿಕೊಂಡು ಮಲಗುವ ಆ ಕೋಣೆಗಳನ್ನು ನೀನೇ ನನಗೆ ಬಣ್ಣಿಸಿದ್ದೀಯೆ: ಮೇಲಿನ ಮಂಚದವನು ಹೊರಳಿದರೆ ಕೆಳಗಿನವನಿಗೆ ಎಚ್ಚರವಾಗುವಷ್ಟು ಇಕ್ಕಟ್ಟು. ಕೊನೆಗೆ ಸೋಂಕಿತರ ಲೆಕ್ಕ 712ಕ್ಕೆ ಮುಟ್ಟಿತು. ಆ ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಕೆಲಸಕ್ಕೆ ಹೋದವರು, ಆರೇ ಆರು ಜನ ಪ್ರವಾಸಕ್ಕೆ ಹೋದವರು. ಕ್ರೂಸ್ ಹಡಗು ಎಂದೊಡನೆ ನಮ್ಮ ಪತ್ರಿಕೆಗಳು ಈಜುಕೊಳದ ಚಿತ್ರ ಹಾಕುತ್ತವೆ. ನಮ್ಮವರು ಇದ್ದದ್ದು ಕೆಳಗಿನ ಡೆಕ್ಕಿನಲ್ಲಿ.

ಆ ಹಡಗಿಗೆ ಬ್ರಿಟನ್ನಿನ ಧ್ವಜ, ಅಮೆರಿಕದ ಕಂಪನಿ, ಇಟಲಿಯ ಕ್ಯಾಪ್ಟನ್. ನಿಂತಿದ್ದ ನೀರು ಜಪಾನಿನದು. ನಡುಗಡಲಿನಲ್ಲಿ ಹಡಗಿನ ಮೇಲೆ ಅಧಿಕಾರ ಧ್ವಜದ ದೇಶದ್ದು ಎನ್ನುತ್ತದೆ ಕಡಲ ಕಾನೂನು. ಅದಕ್ಕೇ ಕಂಪನಿಗಳು ತೆರಿಗೆಯೂ ನಿಯಮವೂ ಹಗುರವಾಗಿರುವ ಕಡೆ, ಪನಾಮಾದಲ್ಲೋ ಬಹಾಮಾಸ್‌ನಲ್ಲೋ, ಧ್ವಜ ಪಡೆಯುತ್ತವೆ. ಲಾಭ ಬರುವಾಗ ಅದು ಒಳ್ಳೆಯ ಧ್ವಜ. ಪ್ರಯಾಣಿಕರಿಗೆ ಜ್ವರ ಬಂದ ದಿನ ಅದು ಬರೀ ಬಟ್ಟೆ. ಬಹಾಮಾಸ್ ಧ್ವಜದ ಬ್ರೇಮರ್ ಹಡಗಿನಲ್ಲಿ ಐವರಿಗೆ ಸೋಂಕು ಕಂಡಾಗ ಬಹಾಮಾಸ್ ಕೂಡ ತನ್ನ ದಕ್ಕೆಗೆ ಕಟ್ಟಿಕೊಳ್ಳಲು ಬಿಡಲಿಲ್ಲ. ಕೊನೆಗೆ ಬರಮಾಡಿಕೊಂಡದ್ದು ಕ್ಯೂಬಾ. 2020ರ ಮಾರ್ಚ್ 18ರಂದು ಮಾರಿಯೆಲ್ ಬಂದರಿನಲ್ಲಿ ಆರುನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಇಳಿಸಿಕೊಂಡು ವಿಮಾನ ಹತ್ತಿಸಿತು. ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಐದು ಕಡೆ ಬಾಗಿಲು ಬಡಿದು ಬಂದ ವೆಸ್ಟರ್‌ಡ್ಯಾಮ್ ಹಡಗನ್ನು ಒಳಗೆ ಬಿಟ್ಟದ್ದು ಕಾಂಬೋಡಿಯಾ. ಇದ್ದವರು ಬಾಗಿಲು ಹಾಕಿಕೊಂಡರು, ಇಲ್ಲದವರು ತೆರೆದರು. ಅವರಿಗೂ ಅವರವರ ರಾಜಕೀಯ ಲೆಕ್ಕಗಳು ಇದ್ದಿರಬಹುದು, ಇರಲಿ.

ನಮ್ಮ ಹರಿಗೋಲಿನ ಮುದುಕ ಅಂಬಿಗ ನೆನಪಿದ್ದಾನೆಯೇ? ನಾವು ಏಳನೆಯ ತರಗತಿಯಲ್ಲಿದ್ದಾಗ, ತಳವಾರಘಟ್ಟದಿಂದ ಈಚೆಗೆ ಬರುವಾಗ ಹೊಳೆಯ ನಡುವೆ ಒಬ್ಬ ಹಿರಿಯರಿಗೆ ಮೂರ್ಛೆ ಬಂತು. ಆಗ ಆ ದಂಡೆ ಬಳ್ಳಾರಿ ಜಿಲ್ಲೆ, ಈ ದಂಡೆ ಕೊಪ್ಪಳ. ಯಾವ ಜಿಲ್ಲೆಯವರು ಎಂದು ಅಂಬಿಗ ಕೇಳಲಿಲ್ಲ. ಯಾವ ದಂಡೆ ಹತ್ತಿರವೋ ಅತ್ತ ಹುಟ್ಟು ತಿರುಗಿಸಿದ. ದಡ ಮುಟ್ಟಿದ ಮೇಲೆ ಎರಡು ಪಟ್ಟು ಬಾಡಿಗೆ ಕೇಳಿದ, ಅದು ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2005ರ ನಿಯಮಾವಳಿಯ 28ನೇ ವಿಧಿಯೂ ಹೆಚ್ಚುಕಡಿಮೆ ಆ ಮುದುಕನ ಮಾತನ್ನೇ ಹೇಳುತ್ತದೆ: ಆರೋಗ್ಯದ ಕಾರಣ ಮುಂದಿಟ್ಟು ಹಡಗನ್ನು ಬಂದರಿಗೆ ಬಾರದಂತೆ ತಡೆಯಬಾರದು, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಸೌಲಭ್ಯವಿರುವ ಹತ್ತಿರದ ಬಂದರಿಗೆ ಕಳಿಸಬಹುದು. ಸಹಿ ಹಾಕದ ದೇಶವೇ ಇಲ್ಲ ಎನ್ನಬಹುದು. ಪಾಲಿಸಿದವರನ್ನು ಬೆರಳಲ್ಲಿ ಎಣಿಸಬಹುದು.

ಬಂದರನ್ನು ಮಾತ್ರ ಬೈದು ಕಂಪನಿಯನ್ನು ಬಿಟ್ಟರೆ ಅದೂ ಸರಿಯಲ್ಲ. ರೂಬಿ ಪ್ರಿನ್ಸೆಸ್ ಪ್ರಕರಣವನ್ನು ನಾನು ಹಟ ಹಿಡಿದು ಓದಿದ್ದೇನೆ. 2020ರ ಮಾರ್ಚ್ 19ರಂದು ಸಿಡ್ನಿಯಲ್ಲಿ ಸುಮಾರು 2,700 ಪ್ರಯಾಣಿಕರನ್ನು ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಇಳಿಸಿ ಮನೆಗೆ ಕಳಿಸಿದರು. 28 ಸಾವುಗಳು ಆ ಹಡಗಿನ ಲೆಕ್ಕಕ್ಕೆ ಸೇರಿದವು. ಅದೇ ಆಗಸ್ಟ್‌ನಲ್ಲಿ ಬಂದ ವಿಚಾರಣಾ ವರದಿ ರಾಜ್ಯದ ಆರೋಗ್ಯ ಅಧಿಕಾರಿಗಳ ತಪ್ಪುಗಳನ್ನು ಗಂಭೀರ ಎಂದಿತು. ಕಂಪನಿಯವರು ನಿಟ್ಟುಸಿರು ಬಿಟ್ಟಿರಬೇಕು. ಆದರೆ 2023ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್, ಅಪಾಯ ಗೊತ್ತಿದ್ದೂ ಆ ಯಾನವನ್ನು ಹೊರಡಿಸಿದ್ದು ಕಂಪನಿಯ ನಿರ್ಲಕ್ಷ್ಯ ಎಂದು ತೀರ್ಪು ಕೊಟ್ಟಿತು. ನನ್ನ ಮಟ್ಟಿಗೆ ಸರಿಯಾದ ಕ್ರಮ ಅದೇ. ಟಿಕೆಟ್ ಮಾರಿದವನು ಮೊದಲ ಹೊಣೆಗಾರ, ಏಕೆಂದರೆ ಹಡಗಿನಲ್ಲಿ ಎಷ್ಟು ಹಾಸಿಗೆ, ಎಷ್ಟು ಆಮ್ಲಜನಕ ಇದೆ ಎಂದು ದಡ ಬಿಡುವ ಮೊದಲೇ ಅವನಿಗೆ ಗೊತ್ತು. ಬಂದರಿನ ಹೊಣೆ ಶುರುವಾಗುವುದು ಹಡಗು ಕಣ್ಣಿಗೆ ಬಿದ್ದ ಮೇಲೆ. ತಡವಾಗಿ ಶುರುವಾಗುತ್ತದೆ ಎಂದ ಮಾತ್ರಕ್ಕೆ ಅದು ಹಗುರವಲ್ಲ.

ಇಷ್ಟೆಲ್ಲ ನ್ಯಾಯ ಹೇಳುವ ನಾನು ಯಾರು? ಈ ಪತ್ರ ಬರೆಯಲು ಇಷ್ಟು ವರ್ಷ ತಡವಾದದ್ದು ಆ ಪ್ರಶ್ನೆಯಿಂದಲೇ.

2020ರ ಮಾರ್ಚ್ ಮೊದಲ ವಾರದಲ್ಲಿ ನವ ಮಂಗಳೂರು ಬಂದರು ಎಂಎಸ್‌ಸಿ ಲಿರಿಕಾ ಹಡಗನ್ನು ಒಳಗೆ ಬಿಡಲಿಲ್ಲ. ಅದನ್ನು ಟಿವಿಯಲ್ಲಿ ನೋಡಿ ನಾನು "ಒಳ್ಳೆಯದಾಯಿತು" ಎಂದಿದ್ದೆ. ನೀನು ಇನ್ನೊಂದು ಹಡಗಿನಲ್ಲಿ ಎಲ್ಲೋ ತೇಲುತ್ತಿದ್ದೆ ಎಂಬುದು ಆ ಕ್ಷಣ ತಲೆಗೇ ಬರಲಿಲ್ಲ. ಅದೇ ವಾರ ಹಂಪಿಯ ಎದುರಿನ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ ಕೆಡವುತ್ತಿದ್ದರು. ನೀನು ವಿದೇಶಿಯರಿಗೆ ಆಮ್ಲೆಟ್ ಮಾಡುತ್ತ ಕೈ ಪಳಗಿಸಿಕೊಂಡ ಅಡುಗೆಮನೆಯೂ ಮಣ್ಣುಪಾಲಾಯಿತು. ನಿನಗೆ ಫೋಟೊ ಕಳಿಸಿದ್ದೆ, ನೋಡಲು ಹನ್ನೊಂದು ದಿನ ತೆಗೆದುಕೊಂಡೆ.

ಮೇ ತಿಂಗಳ ಮೊದಲಲ್ಲಿ ನಮ್ಮ ಕೊಪ್ಪಳ ಜಿಲ್ಲೆ ಸೋಂಕಿಲ್ಲದ ಹಸಿರು ವಲಯ. ಆ ಹೆಮ್ಮೆ ಎಂಥದಿತ್ತು ಎಂದರೆ, ಊರಿಗೆ ಬರುವ ಮೂರೂ ದಾರಿಗೆ ಜಾಲಿಮುಳ್ಳು ಕಡಿದು ಹಾಕಿದೆವು. ಮುಂಬೈಯಿಂದ ಬಂದವರು ಎಂದರೆ ಜನ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನೀನು ಜೂನ್‌ನಲ್ಲಿ ಮುಂಬೈಯಲ್ಲಿ ಇಳಿದೆ. ಪೇಟೆಯ ಹಾಸ್ಟೆಲ್‌ನಲ್ಲಿ ಹದಿನಾಲ್ಕು ದಿನ ಕಳೆದೆ. ಸೋಂಕಿಲ್ಲ ಎಂಬ ಕಾಗದ ಹಿಡಿದು ಬಂದೆ. ಬೇಲಿಯ ಆಚೆ ನಿಂತು, ಚೀಲವನ್ನೂ ಇಳಿಸದೆ ಆ ಕಾಗದ ತೋರಿಸಿದೆ. ಹಿರಿಯರು ಇನ್ನೂ ಎರಡು ವಾರ ಹೊಲದ ಪಂಪ್‌ಸೆಟ್ ಮನೆಯಲ್ಲಿರು ಎಂದರು. ನೀನು ಒಂದು ಮಾತೂ ಆಡದೆ ಕಾಲುವೆ ಏರಿಯ ಮೇಲೆ ನಡೆದುಹೋದೆ.

ನಿನಗೆ ಗೊತ್ತಿಲ್ಲದ್ದು ಇದು: ಆ ತೀರ್ಮಾನ ಆದದ್ದು ನೀನು ಬಂದ ಮೇಲಲ್ಲ. ಹಿಂದಿನ ಸಂಜೆಯೇ ಗುಡಿಯ ಕಟ್ಟೆಯ ಮೇಲೆ ಆಗಿತ್ತು. ಹಾಜರಾತಿ ನೋಟ್‌ಬುಕ್‌ನಲ್ಲಿ ಅದನ್ನು ಬರೆದವನು ನಾನು. ಮರುದಿನ ಬೇಲಿಯ ಹತ್ತಿರ ನೀನು ತೋರಿಸಿದ ಆ ಕಾಗದವನ್ನು ಓದಿ ಹೇಳಬಲ್ಲವನೂ ನಾನೊಬ್ಬನೇ ಇದ್ದೆ. ನಾನು ಗಟ್ಟಿಯಾಗಿ ಓದಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ, ಓದಲಂತೂ ಇಲ್ಲ. ಹದಿನಾಲ್ಕು ದಿನ ಬದುವಿನ ಮೇಲೆ ರೊಟ್ಟಿ, ಪುಂಡಿಪಲ್ಯ ಇಟ್ಟು ದೂರದಿಂದ ಕೂಗಿ ಬರುತ್ತಿದ್ದೆ. ಆ ರೊಟ್ಟಿಯ ಉಪಕಾರವನ್ನು ನೀನು ಈಗಲೂ ನಾಲ್ಕು ಜನರ ಮುಂದೆ ಹೇಳುತ್ತೀಯೆ. ಹೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತೇನೆ, ಗಮನಿಸಿದ್ದೀಯೋ ಇಲ್ಲವೋ.

ಊರು ಹೆದರಿದ್ದು ಸುಳ್ಳಲ್ಲ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆಗ ಏನಿತ್ತು ಎಂದು ನಿನಗೂ ಗೊತ್ತು. ಹೆದರಿದವರು ನಿನಗೊಂದು ಹಾಸಿಗೆ, ಒಂದು ಬಲ್ಬು, ಕುಡಿಯಲು ಒಳ್ಳೆಯ ನೀರು ಕೊಡಬಹುದಿತ್ತು. ಮುಳ್ಳು ಎಳೆದು ಹಾಕಿದರೆ ಹೊಣೆ ಮುಗಿಯಿತು ಎಂದುಕೊಂಡೆವು.

ಈಗ ಕರಾರಿನ ಮಾತು. ಸಾಗರ ಕಾರ್ಮಿಕರ 2006ರ ಒಪ್ಪಂದಕ್ಕೆ ನಮ್ಮ ದೇಶ 2015ರಲ್ಲಿ ಸೇರಿದೆ. ಅದರ ಪ್ರಕಾರ ನೂರು ಅಥವಾ ಹೆಚ್ಚು ಜನರನ್ನು ಹೊತ್ತು ಮೂರು ದಿನಕ್ಕಿಂತ ಹೆಚ್ಚು ಕಾಲ ಪರದೇಶಗಳ ನಡುವೆ ಓಡಾಡುವ ಹಡಗಿನಲ್ಲಿ ವೈದ್ಯರು ಇರಲೇಬೇಕು. ನೀನು ಕಾಯಿಲೆ ಬಿದ್ದರೆ ಚಿಕಿತ್ಸೆಯ ಖರ್ಚನ್ನು ಮಾಲೀಕ ಭರಿಸಬೇಕು. ಆ ಹೊಣೆಗೆ ಕಾಲಮಿತಿ ಹಾಕುವುದಾದರೂ 16 ವಾರಕ್ಕಿಂತ ಕಡಿಮೆ ಹಾಕುವಂತಿಲ್ಲ. ನಿನ್ನ ಕಾಗದದಲ್ಲಿ ವಾರಗಳ ಲೆಕ್ಕವೇ ಇಲ್ಲ. ಏಜೆಂಟನನ್ನು ಬಾಯಿಮಾತಿನಲ್ಲಿ ಕೇಳಬೇಡ, ಬರೆದು ಕೇಳು. ಸಾಂಕ್ರಾಮಿಕ ಬಂದು ಹಡಗು ನಿಂತರೆ ಸಂಬಳ ನಡೆಯುತ್ತದೆಯೇ, ಊರಿಗೆ ಕಳಿಸುವ ಟಿಕೆಟ್ ಯಾರದು, ಸಿಬ್ಬಂದಿಗೆ ಪ್ರತ್ಯೇಕ ಕೋಣೆ ಸಿಗುತ್ತದೆಯೇ, ಇದನ್ನೆಲ್ಲ ಕೇಳು. ಅವನು ನಕ್ಕರೆ ಇನ್ನೊಮ್ಮೆ ಕೇಳು.

ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರವೇ ಇದೆ, ಟ್ರಂಕಿನಲ್ಲಿ ಪಹಣಿ ಪತ್ರಗಳ ಕೆಳಗೆ. ಹೊರಡುವ ಮುಂಚೆ ಒಂದು ಸಂಜೆ ಬಾ. ಆ ಪುಟವನ್ನು ನಿನ್ನ ಕೈಗೆ ಕೊಡುತ್ತೇನೆ. ಬೈಯುವುದಿದ್ದರೆ ಊಟಕ್ಕೆ ಮೊದಲೇ ಬೈದುಬಿಡು, ಆಮೇಲೆ ರೊಟ್ಟಿ ಆರಿಹೋಗುತ್ತದೆ.

ನಿನ್ನ
ಬದುವಿನ ಮೇಲೆ ರೊಟ್ಟಿ ಇಟ್ಟವನು