ಪಾಸಾದ ಬ್ಯಾಚಿನ ಬಗ್ಗೆ, ಪುಟ್ಟಿಗೆ

ಪುಟ್ಟಿ,

ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿಯ ಬ್ಯಾಚು ನಿಮ್ಮ ಲ್ಯಾಬಿನ ಎಲ್ಲ ಟೆಸ್ಟಿನಲ್ಲೂ ಪಾಸಾಯಿತು, ಸಹಿ ಹಾಕಿದೆ, ಆಮೇಲೆ ಒಳಗೆ ಬೇರೇನಾದರೂ ಇದ್ದಿದ್ದರೆ ಅನ್ನಿಸಿ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀಯಲ್ಲ, ಅದು.

ಹೆದರಬೇಡ ಅನ್ನೋಣವೆಂದರೆ 2008 ನೆನಪಾಗುತ್ತದೆ. ಅಮೆರಿಕದಲ್ಲಿ ಡಯಾಲಿಸಿಸ್‌ಗೆ ಬಂದವರಿಗೆ ಹೆಪಾರಿನ್ ಕೊಟ್ಟ ಸ್ವಲ್ಪ ಹೊತ್ತಿಗೇ ಬಿಪಿ ಕುಸಿಯುತ್ತಿತ್ತು. ಜನ ಸತ್ತರು. ಚೀನಾದಿಂದ ಬಂದ ಕಚ್ಚಾ ಮಾಲಿನಲ್ಲಿ ಓವರ್‌ಸಲ್ಫೇಟೆಡ್ ಕಾಂಡ್ರಾಯಿಟಿನ್ ಸಲ್ಫೇಟ್ ಅನ್ನುವ ಬೇರೆಯೇ ರಾಸಾಯನಿಕ ಬೆರೆತಿತ್ತು. ಅಂದಿನ ಟೆಸ್ಟಿನಲ್ಲಿ ಆ ಮಾಲೂ ಪಾಸಾಗಿತ್ತು. ನಿನ್ನ ಭಯವೂ ಅದೇ, ಅಲ್ವಾ?

ನಮ್ಮ ಕಾಲದ್ದು ಕುರಿ ಪ್ಲಾಸ್ಮಾದ ಟೆಸ್ಟು. ಸಾಲಾಗಿ ಟ್ಯೂಬು. ಕ್ಯಾಲ್ಸಿಯಂ ಹಾಕಿ ಒಂದು ಗಂಟೆ ಕಾಯುವುದು, ಆಮೇಲೆ ಒಂದೊಂದನ್ನೇ ಓರೆ ಮಾಡಿ ನೋಡುವುದು. ಪೂರ್ತಿ ಹೆಪ್ಪುಗಟ್ಟಿದೆಯೋ, ಅರ್ಧವೋ, ನೀರಾಗಿಯೇ ಇದೆಯೋ. ನನಗೆ ಆ ಕೆಲಸ ತುಂಬಾ ಇಷ್ಟವಿತ್ತು. ಆದರೆ ಹೆಪ್ಪು ತಡೆಯುತ್ತಿರುವುದು ಹೆಪಾರಿನ್ನೇನಾ ಅಂತ ಆ ಟೆಸ್ಟಿಗೆ ಗೊತ್ತಾಗುತ್ತಿರಲಿಲ್ಲ. ಕಲಬೆರಕೆಗೂ ಹೆಪ್ಪು ತಡೆಯುವ ಗುಣವಿತ್ತು, ನೋಡು.

ಕೊನೆಗೆ ಅದನ್ನು ಹಿಡಿದುಕೊಟ್ಟದ್ದರಲ್ಲಿ ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ನೋಡುವ ಎನ್‌ಎಂಆರ್ ಮಷೀನು ಒಂದು. ಅದರ ಚಾರ್ಟಿನಲ್ಲಿ ಹೆಪಾರಿನ್ನಿನ ಪೀಕು, ಅಂದರೆ ಗೆರೆ ಮೇಲೇಳುವ ಜಾಗ, 2.04ರ ಹತ್ತಿರ, ಆ ಕಲಬೆರಕೆಯದ್ದು 2.15ರ ಹತ್ತಿರ. ನಮ್ಮ ಲ್ಯಾಬಿಗೆ ಆ ಮಷೀನು ಬರುವ ಹೊತ್ತಿಗೆ ನಾನು ರಿಟೈರ್ ಆಗಿದ್ದೆ. ಅದರ ಮುಂದೆ ಒಂದು ದಿನವೂ ಕೂರಲಿಲ್ಲವಲ್ಲ ಅನ್ನುವುದು ಈಗಲೂ ಚುಚ್ಚುತ್ತದೆ.

ನೀವು ಈಗ ರಕ್ತ ಹೆಪ್ಪುಗಟ್ಟಿಸುವ ಎರಡು ಅಂಶಗಳನ್ನು ಹೆಪಾರಿನ್ ಎಷ್ಟು ತಡೆಯುತ್ತದೆ ಅನ್ನುವ ಆಂಟಿ-ಟೆನ್‌ಎ, ಆಂಟಿ-ಟೂಎ ಎರಡನ್ನೂ ಅಳೆದು ಅನುಪಾತ 0.9ರಿಂದ 1.1ರೊಳಗೆ ಇದೆಯಾ ನೋಡುತ್ತೀರಿ. ಕಾಂಡ್ರಾಯಿಟಿನ್ನಿನಲ್ಲಿರುವ ಗ್ಯಾಲಕ್ಟೋಸಮೈನ್ ಅನ್ನುವ ಸಕ್ಕರೆ 1% ದಾಟುವಂತಿಲ್ಲ. ಅವತ್ತಿನ ಮಾಲು ಇವತ್ತು ನಿನ್ನ ಟೇಬಲ್ ದಾಟಲಾರದು. ನಾಳೆ ಯಾರೋ ಹೊಸದೇನಾದರೂ ಬೆರೆಸಿದರೆ ಅಂತೀಯ. ಹೌದು, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಗೊತ್ತಿಲ್ಲದ ಪೀಕು ಕಂಡರೆ, ಎಷ್ಟೇ ಸಣ್ಣದಿರಲಿ, ಬರೆದಿಡು. ಹಳೆಯ ಬ್ಯಾಚುಗಳ ಚಾರ್ಟ್ ಪಕ್ಕದಲ್ಲಿಟ್ಟು ನೋಡು. ಕಚ್ಚಾ ಮಾಲಿಗೆ ಬರ ಬಂದಿದೆಯಾ, ಸಪ್ಲೈಯರ್ ಬದಲಾದನಾ ಅಂತಲೂ ಕಿವಿ ಕೊಡು. ಚೀನಾದಲ್ಲಿ ಹಂದಿಗಳಿಗೆ ರೋಗ ಬಂದು, ಹೆಪಾರಿನ್ ತೆಗೆಯಲು ಬೇಕಾದ ಅವುಗಳ ಕರುಳು ಸಿಗುವುದು ಕಷ್ಟವಾಗಿದ್ದ ಕಾಲದಲ್ಲೇ ಆ ಕಲಬೆರಕೆ ನುಗ್ಗಿದ್ದು. ನಿನಗ್ಯಾಕೆ ಅದೆಲ್ಲ ಅಂದಾರು. ಸುಮ್ನೆ ಕೇಳು.

ಇದೆಲ್ಲ ನಿನಗೆ ಗೊತ್ತಿರುವುದೇ ಇರಬಹುದು, ನನ್ನ ಮಾತು ಜಾಸ್ತಿಯಾಯಿತು. ಆ ಬ್ಯಾಚಿನ ಸ್ಯಾಂಪಲ್ ತೆಗೆದಿಟ್ಟಿರುತ್ತೀರಲ್ಲ. ತೀರಾ ಕಾಡಿದರೆ ಮೇಲಿನವರನ್ನು ಕೇಳಿ ಇನ್ನೊಮ್ಮೆ ಟೆಸ್ಟ್ ಮಾಡಿಬಿಡು. ಏನು ಬಂತು ಅಂತ ನನಗೂ ಬರೆ.

ನಿನ್ನ ದೊಡ್ಡಪ್ಪ