ತರಗತಿಯ ಪರದೆಗೂ ಪಾಠಯೋಜನೆ ಬೇಕು

ಮಾನ್ಯ ಸಂಪಾದಕರೇ,

ಸರ್ಕಾರಿ ಪ್ರೌಢಶಾಲೆಗಳಿಗೆ ಪ್ರೊಜೆಕ್ಟರ್‌ಗಳು ಬಂದಿರುವುದು, ಪಠ್ಯಪುಸ್ತಕಗಳಲ್ಲಿ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ ದೀಕ್ಷಾ ವೇದಿಕೆಯ ವಿಡಿಯೊಗಳಿಗೆ ದಾರಿ ತೋರುವ ಕ್ಯೂಆರ್ ಕೋಡ್‌ಗಳು ಅಚ್ಚಾಗಿರುವುದು ಮೂರು ದಶಕ ವಿಜ್ಞಾನ ಪಾಠ ಮಾಡಿದ ನನಗೆ ನಿಜಕ್ಕೂ ಸಂತಸದ ಸಂಗತಿ. ಆದರೆ ನಾನು ಕಂಡ ಶಾಲೆಗಳಲ್ಲಿ ಪರದೆ ಇಳಿಯುತ್ತಿದ್ದುದು ಹೆಚ್ಚಾಗಿ ಶಿಕ್ಷಕರು ರಜೆ ಹಾಕಿದ ದಿನ, ಇಲ್ಲವೇ ಪರೀಕ್ಷೆ ಮುಗಿದು ಮಕ್ಕಳನ್ನು ಸುಮ್ಮನೆ ಕೂರಿಸಬೇಕಾದ ದಿನ. ಅಂಥ ಒಂದು ಮಧ್ಯಾಹ್ನ ನಾನಿದ್ದ ಶಾಲೆಯಲ್ಲಿ ಮೂರು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಸೇರಿಸಿ, ಯಾರೂ ಮೊದಲು ನೋಡಿರದ ಚಿತ್ರವೊಂದನ್ನು ಹಾಕಲಾಯಿತು. ಕೊಲೆಯ ದೃಶ್ಯಕ್ಕೆ ಬೆಚ್ಚಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಅಳತೊಡಗಿದಾಗ ಅಲ್ಲಿ ಶಿಕ್ಷಕರೇ ಇರಲಿಲ್ಲ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಚಿತ್ರಗಳಿಗೆ ಯುಎ 7+, ಯುಎ 13+, ಯುಎ 16+ ಎಂಬ ವಯೋಮಾನದ ಗುರುತುಗಳು ಬಂದಿವೆ. ಅವನ್ನು ನೋಡುವುದು ಕನಿಷ್ಠ ಎಚ್ಚರ. ಚಿತ್ರವನ್ನೇ ಮುಂಚಿತವಾಗಿ ಪೂರ್ತಿ ನೋಡುವುದು ಶಿಕ್ಷಕರ ಕರ್ತವ್ಯ.

ನಲವತ್ತು ನಿಮಿಷದ ಅವಧಿಯಲ್ಲಿ ನಾಲ್ಕೈದು ನಿಮಿಷದ ವಿಡಿಯೊ ಧಾರಾಳವಾಗಿ ಸಾಕು. ಹೃದಯದ ಕವಾಟಗಳು ತೆರೆದು ಮುಚ್ಚುವುದನ್ನು, ಎಲೆಯ ಪತ್ರರಂಧ್ರ ಅರಳುವುದನ್ನು ಕರಿಹಲಗೆಯ ಮೇಲೆ ಎಷ್ಟು ಚೆನ್ನಾಗಿ ಬರೆದರೂ ಆ ಚಲನೆ ಮಗುವಿನ ಕಣ್ಣಿಗೆ ಕಟ್ಟುವುದಿಲ್ಲ. ಅಲ್ಲಿ ವಿಡಿಯೊ ಬೇಕೇ ಬೇಕು. ಆದರೆ ಹೆಸರುಕಾಳು ಮೊಳಕೆಯೊಡೆಯುವುದನ್ನೂ ಪರದೆಯಲ್ಲೇ ತೋರಿಸುವುದು ಯಾವ ನ್ಯಾಯ? ಒದ್ದೆ ಬಟ್ಟೆಯಲ್ಲಿ ಕಾಳು ಕಟ್ಟಿಟ್ಟು ಮರುದಿನ ಬಿಚ್ಚಿ ನೋಡುವ ಮಗುವಿನ ಬೆರಗನ್ನು ನಾವು ಕಿತ್ತುಕೊಳ್ಳಬಾರದು. ಇಂಗ್ಲಿಷ್ ವಿವರಣೆಯ ವಿಡಿಯೊ ಮಾತ್ರ ಸಿಕ್ಕಾಗ ನಾನು ಧ್ವನಿ ಅಡಗಿಸಿ, ನಡುನಡುವೆ ನಿಲ್ಲಿಸಿ, ‘ಈಗ ಏನಾಗಬಹುದು?’ ಎಂದು ಕೇಳುತ್ತ ಕನ್ನಡದಲ್ಲೇ ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಮಕ್ಕಳೂ ಬಾಯಿಬಿಟ್ಟು ಉತ್ತರಿಸುತ್ತಿದ್ದುದು ಆ ಹೊತ್ತಿನಲ್ಲೇ.

ಇತಿಹಾಸದ ಪಾಠಕ್ಕೆ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಕಿತ್ತೂರಿನ ರಾಣಿ ಚೆನ್ನಮ್ಮನ ಕುರಿತ 1961ರ ಚಿತ್ರದ ತುಣುಕನ್ನು ತೋರಿಸುವುದಾದರೆ, 1824ರ ಅಕ್ಟೋಬರಿನ ಕದನದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು ದಾಖಲಾದ ಸಂಗತಿಯೆಂದೂ, ತೆರೆಯ ಮೇಲಿನ ರಾಣಿಯ ಮಾತುಗಳು ಸಂಭಾಷಣೆಕಾರರು ಬರೆದವೆಂದೂ ಅದೇ ತರಗತಿಯಲ್ಲಿ ಬಿಡಿಸಿ ಹೇಳಬೇಕು. ಹೇಳದಿದ್ದರೆ ಮಕ್ಕಳು ಸಿನಿಮಾದ ಸಂಭಾಷಣೆಯನ್ನೇ ಚರಿತ್ರೆಯೆಂದು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ, ಮತ್ತು ಆ ತಪ್ಪು ಅವರದಲ್ಲ.

ಕೃತಿಸ್ವಾಮ್ಯದ ಭಯದಿಂದ ಚಿತ್ರಗಳನ್ನೇ ದೂರವಿಡುವ ಮುಖ್ಯಶಿಕ್ಷಕರೂ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಶಾಲೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಶಾಲೆಯ ಚಟುವಟಿಕೆಗಳಿಗೆ ಸಂಬಂಧಿಸಿದವರಿಗಷ್ಟೇ ಚಿತ್ರ ತೋರಿಸಲು ಅವಕಾಶ ನೀಡಿದೆ. ಊರವರನ್ನೆಲ್ಲ ಕರೆದು ಪ್ರದರ್ಶಿಸಿದರೆ ಆ ರಕ್ಷಣೆ ಉಳಿಯುವುದಿಲ್ಲ.

ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ. ಯಾವ ವಿಡಿಯೊದ ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ತೋರಿಸಲಾಗುವುದು, ಆಮೇಲೆ ಯಾವ ಪ್ರಶ್ನೆ ಕೇಳಲಾಗುವುದು ಎಂಬುದನ್ನು ಪಾಠಯೋಜನೆಯಲ್ಲಿ ಬರೆಯುವ ರೂಢಿ ಬರಲಿ. ಜಾಹೀರಾತುಗಳು ನಡುವೆ ನುಗ್ಗದಂತೆ, ಕರೆಂಟು ಅಥವಾ ನೆಟ್‌ವರ್ಕ್ ಕೈಕೊಟ್ಟರೆ ಪಾಠ ನಿಲ್ಲದಂತೆ ಬದಲಿ ಸಿದ್ಧತೆಯೂ ಇರಲಿ. ಅಕ್ಕಪಕ್ಕದ ಶಾಲೆಗಳು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಶಿಕ್ಷಕರು ತಾವು ನೋಡಿ ಒಪ್ಪಿದ ಕನ್ನಡ ವಿಡಿಯೊಗಳ ಪಟ್ಟಿಯನ್ನು ಹಂಚಿಕೊಳ್ಳಲು ಅರ್ಧ ಗಂಟೆ ಮೀಸಲಿಟ್ಟರೆ, ಈ ವರ್ಷದಿಂದಲೇ ಕೆಲಸ ಆರಂಭಿಸಬಹುದು.

— ನಿವೃತ್ತ ವಿಜ್ಞಾನ ಶಿಕ್ಷಕಿ, ಧಾರವಾಡ